ಛತ್ರಿ ಒರೆಸಿದ ಹುಡುಗಿ

ನಮ್ಮ ಸಾಲಿಗೆ ಆ ಟಿವಿ ಯಾಕೆ ಬಂತು, ಯಾಕೆ ಹೋಯಿತು ಎಂದು ಇವತ್ತು ಯಾರಾದರೂ ಕೇಳಿದರೆ ಎರಡು ಮಾತಿನಲ್ಲಿ ಹೇಳಬಲ್ಲೆ. ಆಗ ಹೇಳಲಾಗುತ್ತಿರಲಿಲ್ಲ. ಆಗ ನನ್ನ ತಲೆಯೇ ಕಲಸುಮೇಲೋಗರವಾಗಿತ್ತು. ಅದು ತಿಳಿಯಾಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಸೇಡಂ ತಾಲೂಕಿನ ಒಂದು ಹಳ್ಳಿಯ ಶಾಲೆ, ಎಪ್ಪತ್ತರ ದಶಕ. ನಾಲ್ವರು ಶಿಕ್ಷಕರಲ್ಲಿ ನಾನೊಬ್ಬಳೇ ಹೆಂಗಸು, ವಯಸ್ಸಿನಲ್ಲೂ ಎಲ್ಲರಿಗಿಂತ ಸಣ್ಣವಳು. ಸಾಲಿಗೆ ಆಕಾಶದಿಂದ ಟಿವಿ ಪಾಠ ಬರುತ್ತದೆ, ಅದರ ಉಸ್ತುವಾರಿಗೆ ಒಬ್ಬರು ಬೇಕು ಎಂದು ಆದೇಶ ಬಂದಾಗ ಹೆಡ್‌ಮಾಸ್ತರರು ಕನ್ನಡಕ ಒರೆಸುತ್ತ, "ನೀವು ಶಹಾಬಾದಿನವರು, ಮಷೀನು ನೋಡಿ ಬೆಳದವರು. ನೀವೇ ನೋಡ್ಕೊಳ್ರಿ" ಎಂದರು. ಶಹಾಬಾದಿನಲ್ಲಿ ನಾನು ನೋಡಿ ಬೆಳೆದದ್ದು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮತ್ತು ಅದರ ಧೂಳು. ಟಿವಿಯನ್ನು ಚಿತ್ರದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಅವರು ಟಿವಿ ಇಡುವ ಕೋಣೆಯ ಕೀಲಿಕೈ ನನ್ನ ಕೈಗೆ ಹಾಕಿ ಕೈತೊಳೆದುಕೊಂಡರು.

ತರಬೇತಿಯಲ್ಲಿ ದೂರದಿಂದ ಬಂದ ಸಾಹೇಬರೊಬ್ಬರು ಭಾಳ ಚಂದ ಮಾತಾಡಿದರು. ಇದೊಂದು ಪ್ರಯೋಗ, ಒಂದು ವರ್ಷದ್ದು ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ತಿಳಿದುಕೊಂಡದ್ದು ಬೇರೆ. ಸರಕಾರಿ ನೌಕರಿಯಲ್ಲಿ ಮೊದಲು ಪ್ರೊಬೇಷನ್ ಇರುತ್ತದಲ್ಲ, ಹಾಗೆ ಟಿವಿಗೂ ಒಂದು ವರ್ಷ ಪ್ರೊಬೇಷನ್, ಚೆನ್ನಾಗಿ ನಡೆಸಿದರೆ ಕಾಯಂ ಆಗುತ್ತದೆ ಎಂದುಕೊಂಡೆ. ನನ್ನ ಪಕ್ಕದಲ್ಲಿ ಕೂತ ಚಿಂಚೋಳಿ ಕಡೆಯ ಮಾಸ್ತರರೂ ಹಾಗೇ ತಿಳಿದಿದ್ದರು. ನಮ್ಮಂಥವರ ತಲೆಗೆ ಬೇರೆ ಹೊಳೆಯುವುದಾದರೂ ಹೇಗೆ? ಸರಕಾರ ಕೊಟ್ಟ ಕುರ್ಚಿ ಮೇಜನ್ನು ವಾಪಸು ಒಯ್ದದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಟಿವಿ ಬಂತು. ಅದಕ್ಕಿಂತ ದೊಡ್ಡದಾಗಿ, ಅಂಗಳದಲ್ಲಿ, ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ ಒಂದು ಅಗಲವಾದ ಬುಟ್ಟಿ ನಿಂತಿತು. ಊರವರು ಅದಕ್ಕೆ ಛತ್ರಿ ಎಂದರು. ಆಕಾಶದ ಪಾಠ ಅದರೊಳಗೆ ಇಳಿದು ಟಿವಿಗೆ ಹೋಗಬೇಕಂತೆ. ಕನ್ನಡದ ಬದಲು ಒಮ್ಮೊಮ್ಮೆ ತೆಲುಗು ಇಳಿಯುತ್ತಿತ್ತು. ನಾನು ಗಾಬರಿಯಾಗಿ ಗುಂಡಿ ತಿರುವುತ್ತಿದ್ದರೆ ಮಕ್ಕಳು, "ಇರ್ಲಿ ಬಿಡ್ರಿ ಅಕ್ಕೋರ, ತಿಳಿಲಿಕತ್ತದ" ಎನ್ನುತ್ತಿದ್ದರು. ಅವರಿಗೆ ತಿಳಿಯುತ್ತಿತ್ತು, ನನಗೇ ತಿಳಿಯುತ್ತಿರಲಿಲ್ಲ. ಪಾಠ ಎಷ್ಟು ಮಕ್ಕಳಿಗೆ ತಿಳಿಯಿತು ಎಂದು ತಿಂಗಳಿಗೊಮ್ಮೆ ಬರೆದು ಕಳಿಸಬೇಕಿತ್ತು. ಎಲ್ಲರಿಗೂ ಎಂದು ಬರೆದು ಕಳಿಸುತ್ತಿದ್ದೆ.

ಛತ್ರಿಯ ಮೇಲೆ ಕಾಗೆ ಕೂರುತ್ತಿದ್ದವು, ಬೇವಿನ ಎಲೆ ಬಿದ್ದು ಸಿಕ್ಕಿಕೊಳ್ಳುತ್ತಿದ್ದವು. ವಾರಕ್ಕೊಮ್ಮೆ ಒರೆಸುವ ಕೆಲಸವನ್ನು ಆರನೇತ್ತೆಯ, ಅಂದರೆ ಆರನೇ ತರಗತಿಯ, ಒಬ್ಬ ಹುಡುಗಿಗೆ ಒಪ್ಪಿಸಿದ್ದೆ. ಎತ್ತರದ ಹುಡುಗಿ, ಕೈ ಮೇಲಿನ ತನಕ ಎಟುಕುತ್ತಿತ್ತು. ಆ ಊರಲ್ಲಿ ಏಳಕ್ಕೆ ಹೋಗಲಿದ್ದ ಮೊದಲ ಹೆಣ್ಣುಮಗಳು ಅವಳೇ. ಅವಳಪ್ಪ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವನು, ಮಗಳನ್ನು ಐದಕ್ಕೇ ಬಿಡಿಸುವವನಿದ್ದ. ಟಿವಿ ಬಂದ ಮೇಲೆ ಸಂಜೆ ತಾನೂ ಬಂದು ಹಿಂದೆ ಕೂತು ನೋಡಿದ. ಒಂದು ದಿನ ತಾನಾಗಿಯೇ, "ದೊಡ್ಡಾಕಿ ಆದ್ರೂ ಬಿಡ್ಸಂಗಿಲ್ರಿ ಅಕ್ಕೋರ. ಮುಲ್ಕಿ ಪರೀಕ್ಷೆ ಬರೀಲಿ" ಎಂದು ಮಾತು ಕೊಟ್ಟ. ಏಳನೇತ್ತೆಯ ಆ ಪರೀಕ್ಷೆ ಪಾಸಾದರೆ ಟೀಚರ್ ಟ್ರೇನಿಂಗಿನ ದಾರಿಗೆ ಬಂದ ಹಾಗೆ ಎಂದು ನಾನೇ ಅವನ ಕಿವಿ ತುಂಬಿದ್ದೆ. ಆ ದಿನ ನಾನು ಖುಷಿಯಲ್ಲಿ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದೆ.

ಮುಂದಿನ ಮುಂಗಾರು, ಹುಡುಗಿ ಏಳನೇತ್ತೆಗೆ ಕಾಲಿಟ್ಟಿದ್ದಳು. ಒಂದು ದಿನ ಹುಡುಗಿ ಎಂದಿನಂತೆ ಒದ್ದೆ ಬಟ್ಟೆ ಹಿಡಿದು ಛತ್ರಿ ಒರೆಸಿದಳು. ಮಧ್ಯಾಹ್ನ ಹೊಟ್ಟೆ ನೋವು ಎಂದು ಮನೆಗೆ ಹೋದಳು. ಸಂಜೆಗೆ ಸುದ್ದಿ ಬಂತು, ಅವಳು ಮೈನೆರೆದಿದ್ದಳು. ನಮ್ಮ ಕಡೆ ಇದು ಗುಟ್ಟಿನ ಮಾತಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿ ಆರತಿ ಮಾಡಿದರು, ನನ್ನನ್ನೂ ಕರೆದರು. ಹುಡುಗಿ ಅರಿಶಿನದ ಮುಖ ತಗ್ಗಿಸಿ ಮೂಲೆಯಲ್ಲಿ ಕೂತಿದ್ದಳು, ನನ್ನ ಕಂಡು ಮಾತ್ರ ನಕ್ಕಳು.

ಮರುದಿನ ಟಿವಿ ಹಚ್ಚಿದೆ. ಬರೀ ಬಿಳಿ ಹಿಟ್ಟು ಸುರಿದ ಹಾಗೆ, ಸೊಂಯ್ ಎಂಬ ಸದ್ದು. ಗುಂಡಿ ತಿರುವಿದೆ, ತೆಲುಗೂ ಇಲ್ಲ. ಹಿಂದೆ ದಸರೆಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಊರವರು ಛತ್ರಿಗೆ ಕುಂಕುಮ ಹಚ್ಚುವಾಗ ಪೂಜೆಗೆ ಪೂರ್ವಕ್ಕೇ ಮುಖ ಇರಬೇಕೆಂದು ತಿರುಗಿಸಿಬಿಟ್ಟಿದ್ದರು, ಆಗಲೂ ಹೀಗೇ ಆಗಿತ್ತು. ಆದ್ದರಿಂದ ಈ ಸಲವೂ ಛತ್ರಿಯೇ ಜರುಗಿದೆ ಎಂದುಕೊಂಡೆ. ನಾಲ್ಕು ಜನ ಹಿಡಿದು ಅತ್ತ ತಿರುವಿದರು, ಇತ್ತ ತಿರುವಿದರು, ನಾನು ಒಳಗಿನಿಂದ "ಇಲ್ಲ, ಇಲ್ಲ" ಎಂದು ಕೂಗಿ ಗಂಟಲು ಕಟ್ಟಿತು. ಕೊನೆಗೆ ಅದು ಮೊದಲು ಯಾವ ಕಡೆ ಇತ್ತು ಎಂಬುದೇ ಮರೆತುಹೋಯಿತು.

ಅಷ್ಟರಲ್ಲಿ ಊರಿಗೆ ಕಾರಣ ಸಿಕ್ಕಿತ್ತು. ಹುಡುಗಿ ಹೊರಗಾದ ದಿನ ಛತ್ರಿ ಮುಟ್ಟಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಊರ ಗೌಡರ ಮನೆಗೆ ಹೋದೆ. ಅವರು ಲಿಂಗ ಕಟ್ಟಿದವರು, ಮುಟ್ಟುಚಟ್ಟು ನಂಬದವರು, ನನ್ನ ಪರ ಮಾತಾಡುತ್ತಾರೆ ಎಂಬ ಧೈರ್ಯ.

"ಕುಂದ್ರಿ ಅಕ್ಕೋರ" ಎಂದರು. "ನಮ್ಮೊಳಗ ಆ ಮೈಲಿಗಿ ಗೀಲಿಗಿ ಇಲ್ಲ ಖರೆ. ಟಿವಿಯೊಳಗ ಅದನೋ ಇಲ್ಲೋ ನನಗೇನ್ ಗೊತ್ತು?"

ಅವರು ಹಟಮಾರಿಯಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ನನಗೂ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಜಾಳಿಗೆ ಕೆಡುತ್ತದೆಯೇ, ಅವಳ ಕೈ ಬಡಿದು ತಂತಿ ಬಾಗಿತೇ? ಒಂದು ದಿನ ಯಾರೂ ಇಲ್ಲದಾಗ ಛತ್ರಿಗೆ ತಂಬಿಗೆಯಿಂದ ನೀರು ಸುರಿದು ತೊಳೆದೆ. ಧೂಳಿಗೆಂದು ತೊಳೆದೆನೋ ಮತ್ತೇತಕ್ಕೋ ಎಂದು ಇವತ್ತಿಗೂ ಹೇಳಲಾರೆ.

ಆರತಿ ಮುಗಿದು ಎಷ್ಟೋ ದಿನವಾದರೂ ಹುಡುಗಿ ಸಾಲಿಗೆ ಬರಲಿಲ್ಲ. ಅಪ್ಪ ಎದುರಾದರೆ ದಾರಿ ಬದಲಿಸುತ್ತಿದ್ದ.

ಕಡೆಗೊಂದು ದಿನ ಜೀಪಿನಲ್ಲಿ ಟಿವಿ ರಿಪೇರಿಯ ಮಿಸ್ತ್ರಿ ಬಂದ. ಊರೇ ಅಂಗಳದಲ್ಲಿ ಸೇರಿತು. ಅವನು ಟಿವಿಯ ಬೆನ್ನು ಬಿಚ್ಚಿ ನೋಡಿ ಮತ್ತೆ ಮುಚ್ಚಿದ.

"ಟಿವಿ ಚಲೋ ಅದ, ಛತ್ರಿನೂ ಚಲೋ ಅದ. ಮ್ಯಾಲಿಂದೇ ಇಲ್ಲ" ಎಂದ. "ಆಕಾಶದಾಗಿನ ಉಪಗ್ರಹ ಬ್ಯಾರೆ ದೇಶದವರದು. ಒಂದು ವರ್ಷಕ್ಕ ಕೇಳಿ ತಂದಿದ್ರು. ವರ್ಷ ಮುಗೀತು, ಅವರು ಒಯ್ದರು. ನಿಮಗ ಮೊದಲೇ ಹೇಳಿಲ್ಲೇನು?"

ಹೇಳಿದ್ದರು. ಸಾಹೇಬರು ಭಾಳ ಚಂದ ಹೇಳಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಆದರೆ ಊರವರ ಮುಖ ನೋಡಿದೆ, ಒಬ್ಬರೂ ನಂಬಿರಲಿಲ್ಲ. ಆಕಾಶದಲ್ಲಿದ್ದುದನ್ನು ಪಕ್ಕದ ಮನೆಯ ಒನಕೆಯ ಹಾಗೆ ಕೇಳಿ ತರುವುದು, ವಾಪಸು ಒಯ್ಯುವುದು, ಇದಕ್ಕಿಂತ ಹುಡುಗಿ ಮುಟ್ಟಿ ಕೆಟ್ಟಿತು ಎನ್ನುವುದೇ ನಂಬುವಂತಿತ್ತು. ನಿಜ ಹೇಳಬೇಕೆಂದರೆ ನನಗೂ ಮಿಸ್ತ್ರಿಯ ಮಾತು ಅರ್ಧ ಮಾತ್ರ ಇಳಿಯಿತು.

ಸಂಜೆ ಅವಳ ಮನೆಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಮಿಸ್ತ್ರಿ ಹೇಳಿದ್ದು ಕೇಳ್ದಿಲ್ಲಪ್ಪ?" ಎಂದೆ.

"ಕೇಳ್ದೆರಿ. ಖರೆ ಆಕಿ ಮುಟ್ಟಿದ ಮರುದಿನಾನೇ ಯಾಕ ಒಯ್ದರು?"

ನನಗೆ ಒಂದು ದಾರಿ ಹೊಳೆಯಿತು. ಕಾಗಿಣಾ ನದಿ ದಂಡೆಯ ಇನ್ನೊಂದು ಊರಿನ ಸಾಲಿಗೂ ಇಂಥದೇ ಟಿವಿ ಕೊಟ್ಟಿದ್ದರು. "ನೀನೇ ಸೈಕಲ್ ತಗೊಂಡು ಹೋಗಿ ನೋಡ್ಕೊಂಡ್ ಬಾ. ಅಲ್ಲೂ ಅದೇ ದಿನ ಬಂದ್ ಆಗಿದ್ರ ನಿನ್ ಮಗಳದು ಏನೂ ತಪ್ಪಿಲ್ಲ ಅಂತ ಆಯ್ತಲ್ಲ? ಅವಾಗರ ಸಾಲಿಗೆ ಕಳಿಸ್ತೀ?"

ಅವನು ಕಟ್ಟೆಯಿಂದ ಎದ್ದು, "ಕಳಿಸ್ತೀನ್ರಿ" ಎಂದ. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ಎಷ್ಟೋ ವಾರಗಳ ಮೇಲೆ ನನಗೆ ನೆಮ್ಮದಿಯ ನಿದ್ದೆ ಬಂತು.

ಭಾನುವಾರ ಹೋದವನು ಸೋಮವಾರ ಬೆಳಿಗ್ಗೆ ಸಾಲಿಗೇ ಬಂದ. ಮುಖದಲ್ಲಿ ಹಿಂದಿನ ಭಾರವಿರಲಿಲ್ಲ, ಹಗುರಾಗಿದ್ದ. ನಾನು ಎದ್ದೇ ನಿಂತೆ.

"ಅಲ್ಲೂ ಅದೇ ದಿನಾನೇ ಬಂದ್ ಆಗ್ಯಾದ್ರಿ ಅಕ್ಕೋರ" ಎಂದ.

"ನಾ ಹೇಳ್ಲಿಲ್ಲೇನು?"

"ಹೂಂರಿ. ಅಲ್ಲೂ ಒಂದು ಹುಡುಗಿ ಮುಟ್ಟ್ಯಾಳಂತ್ರಿ. ಆ ಊರವರೇ ಹೇಳಿದ್ರು. ನಮ್ಮಾಕಿ ಒಬ್ಬಾಕಿದೇ ತಪ್ಪಲ್ಲ, ಅಷ್ಟು ಸಮಾಧಾನ ಆಯ್ತು ನೋಡ್ರಿ."

ಅವನು ಕೈಮುಗಿದು ಹೋದ. ಹೊರಗಿನಿಂದ ಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು, ಅವರಲ್ಲಿ ಅವಳಿರಲಿಲ್ಲ. ಆ ವಾರದೊಳಗೆ ಆರನೇತ್ತೆಯ ಹುಡುಗಿಯರನ್ನೂ ಅವರ ಮನೆಯವರು ಬಿಡಿಸಿದರು.