ಮಸಿ ಹಚ್ಚುವ ಕೈಗೂ ಒಂದು ವೋಟು

ಅರವತ್ತೇಳನೇ ಇಸವಿಯ ಫೆಬ್ರವರಿಯ ಚಳಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸನಗರ ತಾಲ್ಲೂಕಿನ ಹೆಗ್ಗಾರುಕೊಪ್ಪದಲ್ಲಿ ಪುಷ್ಪಮ್ಮನ ಮನೆಯ ಬಚ್ಚಲೊಲೆ ಆಗಲೇ ಧಗಧಗ ಉರಿಯುತ್ತಿದೆ. ಸೂಲಗಿತ್ತಿ ಕನ್ನಮ್ಮ ಕಾಲು ನೀಡಿ ಕೂತು, ಹೋದ ವಾರ ತಾವೇ ಹೆರಿಗೆ ಮಾಡಿಸಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಾರೆ. ಕೂಸು ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿದೆ. ಅದರ ಅರಚಾಟಕ್ಕೆ ಕನ್ನಮ್ಮ ಕ್ಯಾರೆ ಅನ್ನುವುದಿಲ್ಲ. ಕೈ ತನ್ನ ಪಾಡಿಗೆ ತಾನು ಕುತ್ತಿಗೆಯಿಂದ ಹಿಮ್ಮಡಿಗೆ ಇಳಿಯುತ್ತದೆ, ಮತ್ತೆ ಮೇಲೇರುತ್ತದೆ.

"ಕನ್ನಕ್ಕ, ಇವತ್ತು ಎಲೆಕ್ಷನ್ ಅಲ್ವಾ? ನೀವು ಮಸಿ ಹಚ್ಚೋಕೆ ಹೋಗ್ಬೇಕಲ್ಲ, ಹೊತ್ತಾಗ್ಲಿಲ್ವಾ?" ಬಾಗಿಲಿಗೆ ಒರಗಿ ನಿಂತ ಬಾಣಂತಿ ಪುಷ್ಪಮ್ಮ ಕೇಳುತ್ತಾರೆ.

"ಆಗ್ಲಿ ಬಿಡು. ಇವತ್ತು ಅವ್ರು ಕಾಯ್ಲಿ."

ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಮಡಿಲಿಗೆ ಕೊಟ್ಟು ಕನ್ನಮ್ಮ ದಾರಿಗಿಳಿಯುತ್ತಾರೆ. ಊರ ಹೊರಗಿನ ಹೊನ್ನೆಮರದ ಬುಡದಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಮೂರು ಮೈಲಿ ಆಚೆ ಬಿಳಿಗಲ್ಲೂರು. ಅಲ್ಲಿನ ಶಾಲೆಯ ಮತಗಟ್ಟೆಯಲ್ಲಿ ಹೆಂಗಸರ ಬೆರಳಿಗೆ ಮಸಿ ಹಚ್ಚುವುದು ಅವರಿಗೆ ಒಪ್ಪಿಸಿದ ಕೆಲಸ. ಎಡಕ್ಕೆ ಹೋದರೆ ಹೆಗ್ಗಾರುಕೊಪ್ಪದವರು ಮತ ಹಾಕುವ ಶಾಲೆ. ಹಿಂದೆ ಬಲಕ್ಕೇ ತಿರುಗುತ್ತಿದ್ದ ಕನ್ನಮ್ಮ ಈ ಸಲ ಎಡಕ್ಕೆ ತಿರುಗಿದರು. ಅಷ್ಟಕ್ಕೇ ಮೇಲಿನವರು ಅವರ ಮೇಲೆ ಕೆಂಡ ಕಾರುತ್ತಿದ್ದಾರೆ. ಯಾಕಮ್ಮ ಆ ಕಡೆ ತಿರುಗಿದೆ ಎಂದು ಕೇಳುವಷ್ಟು ಸೌಜನ್ಯ ಮಾತ್ರ ಅವರಲ್ಲಿ ಒಬ್ಬರಿಗೂ ಇಲ್ಲ.

ಐವತ್ತು ದಾಟಿದ ಕನ್ನಮ್ಮನಿಗೆ ಈ ಕೆಲಸ ಗಂಟುಬಿದ್ದದ್ದು ಐವತ್ತೇಳರ ಚುನಾವಣೆಯಲ್ಲಿ. ಅವತ್ತು ಬಿಳಿಗಲ್ಲೂರಿನ ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟ ಸೀರೆ ತೆಗೆದು ಉಟ್ಟು ಮತಗಟ್ಟೆಗೆ ಬಂದಿದ್ದರು. ಒಳಗೆ ನೋಡಿದರೆ ಬಯಲುಸೀಮೆಯ ಗುಮಾಸ್ತರೊಬ್ಬರು ಮಸಿಯ ಕಡ್ಡಿ ಹಿಡಿದುಕೊಂಡು "ಕೈ ಕೊಡಿ" ಅನ್ನುತ್ತಿದ್ದಾರೆ. ಗುರುತಿಲ್ಲದ ಗಂಡಸಿನ ಕೈಯಲ್ಲಿ ಕೈ ಇಡುವುದು ಹೇಗೆ? ಮುಂದಿದ್ದವರು ಸೆರಗಿನೊಳಗೆ ಕೈ ಎಳೆದುಕೊಂಡು ಹಿಂದಿರುಗಿದರು. ಅವರ ಹಿಂದೆ ಸಾಲಿಗೆ ಸಾಲೇ ಮನೆಗೆ ಹೊರಟಿತು. ಆಗ ಶಾನುಭೋಗರಿಗೆ ನೆನಪಾದದ್ದು ಕನ್ನಮ್ಮ. ಹೆರಿಗೆ ನೋವಿನಲ್ಲಿ ಆ ಕೈಯನ್ನು ಹಿಡಿದುಕೊಳ್ಳದ ಹೆಂಗಸು ಆ ಸುತ್ತಿನಲ್ಲಿ ಸಿಗುವುದು ಕಷ್ಟ. ಗಾಡಿ ಕಳಿಸಿ ಕರೆಸಿದರು. ಅವರು ಬಂದು ಕೂತರು ಎಂದು ಗೊತ್ತಾದದ್ದೇ ತಡ, ಸಾಲು ಮತ್ತೆ ಅಂಗಳದ ತನಕ ಬೆಳೆಯಿತು.

ಅಲ್ಲಿಂದ ಮುಂದೆ ಬಿಳಿಗಲ್ಲೂರಿನಲ್ಲಿ ಅದೇ ಪದ್ಧತಿ. ತೆಂಗಿನ ಚಿಪ್ಪಿಗೆ ಮರಳು ತುಂಬಿ, ಬಾಟ್ಲಿ ಉರುಳದ ಹಾಗೆ ಅದರಲ್ಲಿ ಹುಗಿದು, ಗೋಣಿ ಹಾಸಿಕೊಂಡು ಕನ್ನಮ್ಮ ಕೂರುತ್ತಾರೆ. ಬಂದವರ ಕೈಯನ್ನು ಮೊದಲು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಆಮೇಲೆ ಕಡ್ಡಿ ಅದ್ದುತ್ತಾರೆ.

"ಕೈ ಹಿಡ್ಕಂಡ ಕೂಡ್ಲೆ ಗೊತ್ತಾಗ್ತದೆ ಮಾರಾಯ್ರೆ, ಯಾರಿಗೆ ಹೆದ್ರಿಕೆ ಆಗಿದೆ ಅಂತ. 'ನಿನ್ನ ಮಗಳು ಬಸ್ರಿಯಂತಲ್ಲೆ, ಎಷ್ಟು ತಿಂಗ್ಳು?' ಅಂತ ಮಾತಿಗೆಳೀತೀನಿ. ಅವಳು ಉತ್ರ ಹೇಳೋದ್ರೊಳಗೆ ಹಚ್ಚಿ ಆಗಿರ್ತದೆ" ಎಂದು ಕನ್ನಮ್ಮ ನಗುತ್ತಾರೆ.

ಆ ಮೊದಲ ಸಲ, ಐವತ್ತೇಳರಲ್ಲಿ, ಊರ ಹೆಂಗಸರೆಲ್ಲ ಮತ ಹಾಕಿ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಇವರು ಮನೆಗೆ ಬಂದಿದ್ದರು. ತಮ್ಮದೂ ಒಂದು ಮತ ಇತ್ತು ಎಂಬುದು ಅವರಿಗೆ ಹೊಳೆದದ್ದು ಕಾಲು ತೊಳೆಯುವಾಗ. ಇವರಿಗೆ ಮರೆತದ್ದು ದೊಡ್ಡದಲ್ಲ. ಕಾನೂನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಂದವರಿಗೂ ನೆನಪಾಗಲಿಲ್ಲ. ಅಥವಾ ನೆನಪು ಮಾಡಿಕೊಳ್ಳುವ ಅಗತ್ಯ ಕಾಣಲಿಲ್ಲ.

ಅರವತ್ತೆರಡರಲ್ಲಿ ಕನ್ನಮ್ಮ ಮರೆಯಲಿಲ್ಲ. ಸಂಜೆಯ ಹೊತ್ತಿಗೆ ಹೆಂಗಸರ ಸಾಲು ಕರಗಿದ್ದನ್ನು ನೋಡಿ, ಅಧಿಕಾರಿಯನ್ನು ಗೋಗರೆದು ಅಪ್ಪಣೆ ಪಡೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದೆಯ ಅಂಚಿನಲ್ಲಿ ಓಡಿದರು. ಬಾಗಿಲು ಹಾಕುವ ಮೊದಲೇ ತಮ್ಮೂರ ಮತಗಟ್ಟೆ ಮುಟ್ಟಿದರು. ಹೆಸರು ಸಿಕ್ಕಿತು, ಗುರುತೂ ಆಯಿತು. ಅಲ್ಲಿನ ಅಧಿಕಾರಿ ಎಡಗೈ ತೋರಿಸು ಎಂದರು. ಬೆಳಗಿನಿಂದ ನೂರಾರು ಹೆಂಗಸರಿಗೆ ಮಸಿ ಹಚ್ಚಿದ ಕೈ ಅದು. ತೋರುಬೆರಳು, ನಡುಬೆರಳು, ಉಗುರಿನ ಸಂದಿ, ಎಲ್ಲ ಕಪ್ಪು.

"ಒಂದು ಸಲ ಹಾಕಿ ಆಗಿದೆ. ಮತ್ತೆ ಬಂದಿದೀಯಾ?"

"ಇಲ್ಲ ಅಯ್ಯಾ. ನಾನು ಹಚ್ಚೋಳು, ಹಚ್ಚಿಸ್ಕಂಡೋಳಲ್ಲ."

"ಕಳ್ಳವೋಟಿಗೆ ಬರೋರು ಕತೆ ಕಟ್ಟೋದು ಚೆನ್ನಾಗಿ ಕಲ್ತಿದೀರಿ. ನಡಿಯಮ್ಮ ಆಚೆ."

ಎಡಗೈಯ ತೋರುಬೆರಳಲ್ಲಿ ಮಸಿ ಇದ್ದವರಿಗೆ ಮತ ಇಲ್ಲ ಎನ್ನುವುದು ನಿಯಮ. ಆ ನಿಯಮ ಪಾಲಿಸಲಿಕ್ಕೆಂದು ಹಗಲಿಡೀ ದುಡಿದ ಕೈಯನ್ನೇ ಆ ನಿಯಮ ಹೊರಗೆ ದಬ್ಬಿತು. ಬಿಳಿಗಲ್ಲೂರಿಗೆ ಒಬ್ಬರನ್ನು ಓಡಿಸಿ ವಿಚಾರಿಸಲು ಆ ಮಹಾಶಯರಿಗೆ ಪುರಸೊತ್ತಿರಲಿಲ್ಲ. ನಾಲ್ಕು ಜನ ಊರವರು "ಹೌದು ಸ್ವಾಮಿ, ಇವ್ರದ್ದು ಅದೇ ಕೆಲ್ಸ" ಎಂದದ್ದು ಕಿವಿಗೆ ಬೀಳಲಿಲ್ಲ. ಇಂಥ ಅನ್ಯಾಯವನ್ನು ಏನೆಂದು ಕರೆಯಬೇಕೋ ಓದುಗರೇ ಹೇಳಬೇಕು.

"ಸಾಲಲ್ಲಿ ನಿಂತಿದ್ದೋರಲ್ಲಿ ನಾನೇ ಹೊಕ್ಕುಳಬಳ್ಳಿ ಕೊಯ್ದ ಮಕ್ಳಿದ್ರು. ಅವ್ರ ಎದ್ರಿಗೆ ಕಳ್ಳಿ ಅನ್ನಿಸ್ಕಂಡೆ" ಎನ್ನುವಾಗ ಕನ್ನಮ್ಮನ ದನಿ ಗಡುಸಾಗುತ್ತದೆ. ಅದು ಸಾಲದು ಎಂಬಂತೆ, ಮಸಿ ಅಳಿಯುವವರೆಗೆ ಬಾಣಂತಿಯರು ಕೂಸು ಮೀಯಿಸಲು ಬೇರೆಯವರನ್ನು ಕರೆದರು. ಆ ಕಪ್ಪು ಕೂಸಿನ ಮೈಗೆ ಹತ್ತೀತು ಎಂಬ ಭಯ.

ಈ ವರ್ಷ ಚುನಾವಣೆಗೆ ಮೊದಲು ಬಿಳಿಗಲ್ಲೂರು ಮತಗಟ್ಟೆಯ ಅಧಿಕಾರಿಯಾಗಿ ನೇಮಕಗೊಂಡ ಹೆಡ್‌ಮಾಸ್ತರು ನಾರಾಯಣಮೂರ್ತಿಯವರು ಕನ್ನಮ್ಮನ ಮನೆಗೇ ಬಂದರು. ಹಳೆಯ ಕತೆ ಕೇಳಿದ್ದ ಅವರ ಕೈಯಲ್ಲಿ ಅಂಚೆ ಮತದ ಅರ್ಜಿ ಇತ್ತು. ಚುನಾವಣೆ ಕೆಲಸಕ್ಕೆ ಹೋಗುವವರು ಮುಂಚಿತವಾಗಿ ಅಂಚೆಯಲ್ಲೇ ಮತ ಕಳಿಸಬಹುದು ಎಂದು ವಿವರಿಸಿದರು.

"ನಾನೂ ಹಾಗೇ ಹಾಕೋದು ಕನ್ನಮ್ಮ. ಸಾಲಲ್ಲಿ ನಿಲ್ಲೋ ರಗಳೆ ಇಲ್ಲ. ಮನೇಲಿ ಕೂತು ಗುರುತು ಹಾಕಿ ಲಕೋಟೆ ಅಂಟಿಸಿದ್ರೆ ಆಯ್ತು. ನಂಗಂತೂ ಅದೇ ಇಷ್ಟ."

"ನಂಗೆ ಓದೋಕೆ ಬರೋದಿಲ್ವಲ್ಲ ಮೇಷ್ಟ್ರೆ. ಗುರುತು ಯಾರು ಹಾಕೋದು?"

"ಅದಕ್ಕೊಬ್ರು ಅಧಿಕಾರಿ ಇರ್ತಾರೆ. ಯಾರಿಗೆ ಅಂತ ನೀವು ಅವ್ರ ಹತ್ರ ಹೇಳ್ಬೇಕು, ಅವ್ರು ಹಾಕ್ತಾರೆ."

"ಆ ಅಧಿಕಾರಿ ನಮ್ಮೂರಿಗೆ ಬಂದ್ರೆ ಊಟಕ್ಕಿಳಿಯೋದು ಯಾರ ಮನೇಲಿ?"

ಉತ್ತರ ಊರಿಗೆಲ್ಲ ಗೊತ್ತು. ಕನ್ನಮ್ಮನ ಗಂಡ ಹುಲಿಯಪ್ಪ ಗೇಣಿಗೆ ಮಾಡುವ ಗದ್ದೆ ಯಾರದೋ, ಆ ಒಡೆಯರ ಮನೆಯಲ್ಲಿ. ಒಡೆಯರು ಯಾರ ಪರ ಎಂಬುದೂ ಗುಟ್ಟಲ್ಲ. ಇವರ ಬಾಯಿಂದ ಬೇರೆ ಹೆಸರು ಹೊರಟರೆ ಮಳೆಗಾಲಕ್ಕೆ ಗದ್ದೆ ಬೇರೆಯವರ ಪಾಲು. ಲಕೋಟೆಯ ಒಳಗೊಂದು ಲಕೋಟೆ ಇಟ್ಟು ಗುಟ್ಟು ಕಾಯುತ್ತದಂತೆ ಸರ್ಕಾರ. ಓದು ಬಾರದವರ ಗುಟ್ಟನ್ನು ಮಾತ್ರ ಪಕ್ಕದಲ್ಲಿ ಕೂತವರ ಕಿವಿಗೆ ಹಾಕಬೇಕು.

ಹುಲಿಯಪ್ಪ ಮತಗಟ್ಟೆಗೆ ಹೋಗುವುದು ಒಡೆಯರ ಎತ್ತಿನ ಗಾಡಿಯಲ್ಲಿ. ಆದರೂ ಅವರಿಗೆ ಅಂಚೆಗಿಂತ ಮತಗಟ್ಟೆಯೇ ವಾಸಿ. "ಬಾಗ್ಲ ತನಕ ಅವ್ರು ಬರ್ತಾರೆ. ಒಳಗೆ ಆ ತಟ್ಟಿ ಹಿಂದೆ ಯಾರ್ ಬರ್ತಾರೆ? ಅಲ್ಲಿ ನಾನೇ ಒಡೆಯ" ಎಂದು ಹೆಂಡತಿಗೆ ಹೇಳಿದ್ದರು. ಆ ಮಾತು ಕನ್ನಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬಿದಿರು ತಟ್ಟಿಯ ಹಿಂದೆ ಒಂದು ಗಳಿಗೆ ತಾವೊಬ್ಬರೇ ನಿಲ್ಲಬೇಕು, ಚಿಹ್ನೆಯ ಚಿತ್ರ ನೋಡಿ ತಮ್ಮ ಕೈಯಿಂದಲೇ ಮೊಹರು ಒತ್ತಬೇಕು. ಅವರು ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲ.

ಇನ್ನೊಂದು ದಾರಿ ಇತ್ತು. ಕೆಲಸ ಮಾಡುವ ಮತಗಟ್ಟೆಯಲ್ಲೇ ಮತ ಹಾಕಲು ಬಿಡುವ ಒಂದು ಸರ್ಟಿಫಿಕೇಟು ಕೊಡುತ್ತಾರೆ ಎಂದು ಹೆಡ್‌ಮಾಸ್ತರೇ ಹೇಳಿದರು. ಹತ್ತು ವರ್ಷ ಈ ಮಾತನ್ನು ಯಾರೂ ಕನ್ನಮ್ಮನ ಕಿವಿಗೆ ಹಾಕಿರಲಿಲ್ಲ. ಮರುದಿನವೇ ಬಸ್ಸು ಹತ್ತಿ ಪೇಟೆಯ ಕಚೇರಿಗೆ ಹೋದರು. ಮಧ್ಯಾಹ್ನದ ತನಕ ಬಾಗಿಲಲ್ಲಿ ನಿಲ್ಲಿಸಿಕೊಂಡ ಗುಮಾಸ್ತರು ಕಡೆಗೆ ಹೇಳಿದ್ದಿಷ್ಟು: "ಅದು ನೌಕರರಿಗೆ. ನೀನು ಒಂದು ದಿನಕ್ಕೆ ಬರೋ ಹೆಂಗಸು. ಅಂಚೇಲಿ ಹಾಕು ಅಂದ್ರೆ ಅದೂ ಬೇಡ. ಎಂತ, ನಿನ್ನ ಒಂದು ವೋಟಲ್ಲೇ ದೇಶ ನಿಂತಿದ್ಯಾ?"

ದುಡಿಸಿಕೊಳ್ಳುವಾಗ ಚುನಾವಣಾ ಸಿಬ್ಬಂದಿ, ಹಕ್ಕು ಕೇಳಿದಾಗ ಒಂದು ದಿನದ ಹೆಂಗಸು. ಆ ಗುಮಾಸ್ತರ ಮತ ಅಷ್ಟು ಹೊತ್ತಿಗೆ ಲಕೋಟೆಯಲ್ಲಿ ಭದ್ರವಾಗಿ ಹೊರಟಿತ್ತು ಎಂಬುದರಲ್ಲಿ ಅನುಮಾನ ಬೇಡ.

ಹಾಗಾಗಿ ಹೊನ್ನೆಮರದ ಬುಡದಲ್ಲಿ ಎಡದ ದಾರಿ. ಬಾಗಿಲು ತೆರೆಯುವ ಮೊದಲೇ ಸಾಲಿನ ಮುಂದೆ ನಿಂತಿದ್ದರು ಕನ್ನಮ್ಮ. ಎಡಗೈ ಚಾಚಿದಾಗ ಅದು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದ, ಒಂದು ಚುಕ್ಕಿಯೂ ಇಲ್ಲದ ಕೈ. ಮಸಿ ಕಡ್ಡಿ ಹಿಡಿದ ಹುಡುಗಪ್ರಾಯದ ಗುಮಾಸ್ತರಿಗೆ ಇವರೇ ಧೈರ್ಯ ಹೇಳಿದರಂತೆ: "ಹಚ್ಚಿ ಅಯ್ಯಾ. ಸ್ವಲ್ಪ ಜಾಸ್ತೀನೇ ಹಚ್ಚಿ." ತಟ್ಟಿಯ ಹಿಂದೆ ಎಷ್ಟು ಹೊತ್ತು ನಿಂತರೆಂದರೆ, ಹೊರಗಿನವರು ಬೇಗ ಬಾರಮ್ಮ ಎಂದು ಕೂಗಬೇಕಾಯಿತು.

ಅಲ್ಲಿಂದ ಬಿಳಿಗಲ್ಲೂರಿಗೆ ಬಿರಬಿರನೆ ನಡೆದರು. ಆ ಊರಿನ ಅರ್ಧ ಗದ್ದೆ ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. ಸುತ್ತಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಶಾಲೆಯ ಅಂಗಳದಲ್ಲಿ ಗಂಡಸರ ಸಾಲು ಸರಿಯುತ್ತಿತ್ತು. ಹೆಂಗಸರು ಮಾತ್ರ ಮಾವಿನಮರದ ನೆರಳಿನಲ್ಲಿ ಗುಂಪಾಗಿ ಕೂತುಬಿಟ್ಟಿದ್ದರು. ಜೀಪಿನಲ್ಲಿ ಬಂದಿದ್ದ ಮೇಲಧಿಕಾರಿ ಒಬ್ಬರು ಗದರಿಸಿ ನೋಡಿದರು, ಕೈಮುಗಿದೂ ನೋಡಿದರು. ಎಲ್ಲರಿಗಿಂತ ಹಿರಿಯರಾದ ಶೇಷಮ್ಮ ಎಲೆಯಡಿಕೆ ಮೆಲ್ಲುತ್ತಲೇ ಉತ್ತರ ಕೊಟ್ಟರಂತೆ: "ನಮ್ಮ ಕೈ ಹಿಡಿಯೋಳು ಬರ್ಲಿ. ನೀವು ಹೋಗಿ ನೆರಳಲ್ಲಿ ಕೂತ್ಕಳಿ."

"ಎಲ್ಲಿಗೆ ಹೋಗಿದ್ರಿ ಕನ್ನಮ್ಮ?" ಹೆಡ್‌ಮಾಸ್ತರು ಬೆವರು ಒರೆಸಿಕೊಳ್ಳುತ್ತ ಕೇಳಿದರು. ಕನ್ನಮ್ಮ ಎಡಗೈಯ ಬೆರಳೆತ್ತಿ ತೋರಿಸಿದರು. ಹೆಡ್‌ಮಾಸ್ತರು ಮಸಿ ಬಾಟ್ಲಿಯ ಚಿಪ್ಪನ್ನು ಇವರ ಕಡೆ ಸರಿಸಿದರು. ಶೇಷಮ್ಮ ಎದ್ದರು, ಸಾಲು ಎದ್ದಿತು. ಸಂಜೆಯೊಳಗೆ ಕಾದಿದ್ದ ಹೆಂಗಸರೆಲ್ಲರೂ ಮತ ಹಾಕಿದರು, ಒಬ್ಬರೂ ತಪ್ಪಲಿಲ್ಲ.

ಆದರೂ ಜೀಪಿನವರ ಸಿಟ್ಟು ಇಳಿಯಲಿಲ್ಲ. ಕರ್ತವ್ಯಲೋಪ ಮಾಡಿದ ಈ ಹೆಂಗಸನ್ನು ಇನ್ನು ಮುಂದೆ ಕರೆಯಬಾರದು ಎಂದು ಹೆಡ್‌ಮಾಸ್ತರಿಗೆ ತಾಕೀತಾಗಿದೆ. ಹತ್ತು ವರ್ಷ ಒಂದು ಊರಿನ ಹೆಂಗಸರನ್ನು ಮತಪೆಟ್ಟಿಗೆಯ ತನಕ ಕೈಹಿಡಿದು ಕರೆತಂದವರಿಗೆ ಸಂದ ಗೌರವ ಇದು. ಆ ಹತ್ತು ವರ್ಷ ಅವರ ಮತವನ್ನು ನುಂಗಿ ನೀರು ಕುಡಿದವರದು ಯಾವ ಲೋಪ ಎಂದು ತಾಕೀತು ಕಳಿಸಿದವರು ಹೇಳಬಲ್ಲರೇ?

ಚುನಾವಣೆ ಕಳೆದು ವಾರಗಳಾಗಿವೆ. ಕನ್ನಮ್ಮ ಜಗಲಿಯ ಮೇಲೆ ಕೂತು ಕೈ ಬಿಡಿಸಿ ತೋರಿಸುತ್ತಾರೆ. ಉಳಿದ ಬೆರಳಿನ ಕಪ್ಪು ಹೆಚ್ಚು ಕಡಿಮೆ ಅಳಿದಿದೆ. ಎಡಗೈ ತೋರುಬೆರಳಿನ ಉಗುರಲ್ಲಿ ಮಾತ್ರ ದಟ್ಟವಾಗಿ ನಿಂತಿದೆ. "ಉಳಿದದ್ದೆಲ್ಲ ಕೆಲ್ಸದ್ದು. ಇದೊಂದು ನಂದು." ಯಾರಿಗೆ ಹಾಕಿದಿರಿ ಎಂದರೆ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ಹುಲಿಯಪ್ಪನ ಕಡೆ ನೋಡಿ, "ಇವ್ರಿಗೇ ಹೇಳಿಲ್ಲ" ಎನ್ನುತ್ತಾರೆ.

ಮುಂದಿನ ಸಲ ಕರೆಯುವುದಿಲ್ಲವಂತಲ್ಲ ಎಂದು ಕೇಳಿದಾಗ ಕನ್ನಮ್ಮ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.

"ಕರೀದಿದ್ರೆ ಬೇಡ. ಯಾರನ್ನಾದ್ರೂ ಕೂರಿಸ್ಲಿ. ಆದ್ರೆ ಆ ಬಾಟ್ಲಿ ಅವಳ ಕೈಗೆ ಕೊಡೋಕೆ ಮುಂಚೆ ಒಂದು ಮಾತು ಕೇಳ್ಲಿ, ನಿಂದು ಹಾಕಿ ಆಯ್ತೇನಮ್ಮ ಅಂತ. ನನ್ನ ಒಬ್ರೂ ಕೇಳ್ಲಿಲ್ಲ."