ಮಂಡಿಯ ಬೆಕ್ಕುಗಳ ಮುತ್ಯಾಲಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಮರಾಜಪೇಟೆಯ ಅಂಚಿನಲ್ಲಿರುವ ವೃಷಭೇಂದ್ರಪ್ಪನವರ ಕಾಳಿನ ಮಂಡಿಯ ಮುಂಬಾಗಿಲು ತೆರೆಯಲು ಇನ್ನೂ ಹೊತ್ತಿದೆ. ಗಾಡಿಯ ಎತ್ತುಗಳು ಬೀದಿಯಲ್ಲೇ ಮಲಗಿ ಮೆಲುಕು ಹಾಕುತ್ತಿವೆ. ಹಿತ್ತಲ ಜಗಲಿಯಲ್ಲಿ ಮಾತ್ರ ಒಲೆ ಹೊತ್ತಿದೆ. ಮಣ್ಣಿನ ಕುಡಿಕೆಯಲ್ಲಿ ಕುದ್ದ ಉಪ್ಪುನೀರು ಕೆಳಗಿಳಿದು ಆರುತ್ತಿದೆ. ಪಕ್ಕದಲ್ಲಿ ಕಾಲು ಚಾಚಿ ಕುಳಿತ ಹೆಂಗಸಿನ ಮಡಿಲಲ್ಲಿ ಗೋಣಿತಾಟಿನ ಗಂಟೊಂದಿದೆ. ಗಂಟಿನಿಂದ ಹೊರಗೆ ಕಾಣುವುದು ಒಂದು ದೊಡ್ಡ ಹಳದಿ ತಲೆ ಮಾತ್ರ.

ಅದು ಮಂಡಿಯ ಗಂಡುಬೆಕ್ಕು. ಮೀಸೆಯ ಠೀವಿ ನೋಡಿ ಹಮಾಲರು ಅದಕ್ಕೆ ಜಮೇದಾರ ಎಂದು ಹೆಸರಿಟ್ಟಿದ್ದಾರೆ. ಯಾವುದೋ ಬೀದಿಯ ಬೆಕ್ಕಿನ ಜೊತೆ ಕಾದಾಡಿ ಕಚ್ಚಿಸಿಕೊಂಡು ಬಂದದ್ದಕ್ಕೆ ಎಡ ದವಡೆಯ ಕೆಳಗೆ ಬಾವು ಎದ್ದು, ನಿಂಬೆಹಣ್ಣಿನಷ್ಟು ಊದಿ, ರಾತ್ರಿ ಒಡೆದುಕೊಂಡಿದೆ. ಈಗ ಅಲ್ಲಿ ಒಂದು ತೂತು, ಕೀವು, ರಕ್ತ, ಅಂಟಿಕೊಂಡ ಕೂದಲು. ಈಕೆಯ ಕೆಲಸ ನೋಡಲೆಂದು ಬಂದ ನಾನು ನಾತ ತಡೆಯಲಾರದೆ ಹಿಂದೆ ಸರಿಯುತ್ತೇನೆ. ಆಕೆ ಮುಖವನ್ನು ಇನ್ನಷ್ಟು ಹತ್ತಿರ ಒಯ್ಯುತ್ತಾಳೆ.

"ಮೂಗು ಮುಚ್ಕೊಳಿ ಸ್ವಾಮಿ, ನಂಗೇನೂ ಬೇಜಾರಿಲ್ಲ. ಒಳಗಿದ್ದಾಗ ಅದಕ್ಕೆ ನೋವು, ಹೊರಗ್ ಬಂದ್ಮೇಲೆ ನಮಗೆ ನಾತ. ಅಷ್ಟೇಯ" ಎಂದು ನಗುತ್ತಾಳೆ ಮುತ್ಯಾಲಮ್ಮ.

ಹಳೆಯ ಪಂಚೆಯ ತುಂಡೊಂದನ್ನು ಉಪ್ಪುನೀರಿನಲ್ಲಿ ಅದ್ದಿ, ಹಿಂಡಿ, ಮೊದಲು ತನ್ನ ಮಣಿಕಟ್ಟಿನ ಒಳಬದಿಗೆ ಇಟ್ಟುಕೊಂಡು ಬಿಸಿ ನೋಡುತ್ತಾಳೆ. ಆಮೇಲೆ ಗಾಯದ ಮೇಲೆ ಹಾಸುತ್ತಾಳೆ. ಒತ್ತುವುದಿಲ್ಲ. ಸುಮ್ಮನೆ ಕಾಯುತ್ತಾಳೆ. ಜಮೇದಾರ ಗಂಟಲೊಳಗೇ ಗುರ್ರೆನ್ನುತ್ತಾನೆ. "ಬೈಕೋ, ಬೈಕೋ. ನಿಮ್ಮಪ್ಪನೂ ಹಿಂಗೇ ಬೈತಿದ್ದ" ಎಂದು ಅವನ ಹಣೆ ಸವರುತ್ತಾಳೆ. ಒಣಗಿದ ಹೆಕ್ಕಳೆ ನೆನೆದು ಮೆತ್ತಗಾಗುತ್ತದೆ. ಒಳಗುಳಿದಿದ್ದ ಕೀವು ತಾನಾಗಿಯೇ ಹರಿಯುತ್ತದೆ. ಒಮ್ಮೆ ಒರೆಸಿದ ಬಟ್ಟೆ ಮತ್ತೆ ನೀರಿಗೆ ಹೋಗುವುದಿಲ್ಲ, ನೇರ ಒಲೆಗೆ ಹೋಗುತ್ತದೆ. ಪ್ರತಿ ಸಲವೂ ಹೊಸ ತುಂಡು. ಗಾಯದಲ್ಲಿ ಕೆಂಪು ಮಾಂಸ ಕಾಣುವ ತನಕ ಈ ಕೆಲಸ ನಡೆಯುತ್ತದೆ. ಹೊರಗೆ ಎತ್ತುಗಳು ಎದ್ದು ನಿಂತಿವೆ, ಬೀದಿ ಬೆಳಗಾಗಿದೆ. ಆಕೆಗೆ ಅದರ ಪರಿವೆಯಿಲ್ಲ.

ಇಷ್ಟಾದ ಮೇಲೆ ಎಣ್ಣೆಯನ್ನೋ ಸೊಪ್ಪಿನ ರಸವನ್ನೋ ಹಚ್ಚಿ ಕಟ್ಟುತ್ತಾಳೆಂದು ಕಾದಿದ್ದೆ. ಆಕೆ ಏನೂ ಹಚ್ಚಲಿಲ್ಲ, ಕಟ್ಟಲೂ ಇಲ್ಲ.

"ಮೈ ನೆಕ್ಕೋ ಜಾತಿ ಸ್ವಾಮಿ ಇದು. ನಾವು ಹಚ್ಚಿದ್ದೆಲ್ಲ ಅದರ ಹೊಟ್ಟೆಗೇ ಹೋಗ್ತದೆ. ಕಟ್ಟಿಬಿಟ್ರೆ ಮೇಲ್ಗಡೆ ಬೇಗ ಮುಚ್ಕೊಂಡು ಒಳಗೆ ತಿರ್ಗಾ ತುಂಬ್ಕೊಂತದೆ. ಒಳಗಿಂದ ಮಾಗ್ತಾ ಬರ್ಬೇಕು. ಅಲ್ಲೀಗಂಟ ಹೊತ್ತಾರೆ, ಸಂಜೆ ತೊಳೀತಾ ಇರೋದೇಯ."

ಮುತ್ಯಾಲಮ್ಮನಿಗೆ ಈಗ ಐವತ್ತರ ಆಸುಪಾಸು. ಮಂಡಿಯ ಕಸ ಗುಡಿಸುವುದು, ಚೆಲ್ಲಿದ ಕಾಳನ್ನು ಕೇರಿ ಒಪ್ಪ ಮಾಡುವುದು ಆಕೆಗೆ ಸಂಬಳ ಕೊಡುವ ಕೆಲಸ. ಬೆಕ್ಕುಗಳ ಆರೈಕೆ ಅದರ ಜೊತೆಗೆ ಬೆಳೆದು ಬಂದದ್ದು. ಪ್ಲೇಗು ಕಂಡ ಈ ಊರಿನಲ್ಲಿ ಇಲಿ ಎಂದರೆ ಇಂದಿಗೂ ಜನರ ಎದೆ ಝಲ್ಲೆನ್ನುತ್ತದೆ. ಕಾಳು ಇರುವ ಕಡೆ ಇಲಿ, ಇಲಿ ಇರುವ ಕಡೆ ಬೆಕ್ಕು. ಬೆಕ್ಕುಗಳು ಹೆಚ್ಚಿದಷ್ಟೂ ಜಗಳ ಹೆಚ್ಚು. ಇಲಿಯೂ ಕಚ್ಚದೆ ಬಿಡುವುದಿಲ್ಲ. ಹಾಗಾಗಿ ಈ ಜಗಲಿಯಲ್ಲಿ ಕುರು ಎದ್ದ ಬೆಕ್ಕು ಒಂದಾದರೂ ಇಲ್ಲದ ವಾರವಿಲ್ಲ. ಸುಲ್ತಾನ್‌ಪೇಟೆಯ ಅಂಗಡಿಗಳಿಂದ ತರುತ್ತಾರೆ. ಬಸವನಗುಡಿಯ ಹೊಸ ಮನೆಗಳಿಂದ, ದೂರದ ಮಲ್ಲೇಶ್ವರದಿಂದಲೂ ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಜಟಕಾದಲ್ಲಿ ಬರುತ್ತಾರೆ.

ಕೀವು ಕಂಡರೆ ಹೇಸಿಗೆ ಆಗುವುದಿಲ್ಲವೆ ಎಂದು ಕೇಳಿದೆ. ಆಕೆ ಬಟ್ಟೆಯ ತುಂಡುಗಳನ್ನು ಜೋಡಿಸುತ್ತಲೇ ಇದ್ದಳು.

"ನಂದೂ ಒಡ್ದಿತ್ತು ಸ್ವಾಮಿ" ಎಂದಳು.

ಮೊದಲ ಪ್ಲೇಗಿನ ವರ್ಷದ ಮಾತು. ಮುತ್ಯಾಲಮ್ಮ ಆಗಿನ್ನೂ ಹರೆಯದ ಹೆಣ್ಣು. ಗಂಡ ಬಚ್ಚಪ್ಪ ತಲೆಯ ಮೇಲೆ ಮಂಕರಿ ಹೊತ್ತು ಚಿಕ್ಕಪೇಟೆಯ ಗಲ್ಲಿಗಳಲ್ಲಿ ಸೊಪ್ಪು ಮಾರುತ್ತಿದ್ದ. ಸೂರಿನಿಂದ ಸತ್ತ ಇಲಿಗಳು ಬೀಳತೊಡಗಿದವು. ಜನ ಮನೆಗಳಿಗೆ ಬೀಗ ಜಡಿದು ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಂಡರು. ಕೆಂಪಾಂಬುಧಿ ಕೆರೆಯ ಕೆಳಗಿದ್ದ ತಮ್ಮ ತರಕಾರಿ ತೋಟಕ್ಕೆ ಇವರೂ ಹೋದರು. ಆದರೆ ಕಾಯಿಲೆ ಅಲ್ಲಿಗೂ ಜೊತೆಯಲ್ಲೇ ಬಂದಿತ್ತು. ಬಚ್ಚಪ್ಪ ಜ್ವರ ಬಂದು ಮಲಗಿದವನು ಮತ್ತೆ ಏಳಲಿಲ್ಲ. ಅವನನ್ನು ಮಣ್ಣು ಮಾಡುವ ಹೊತ್ತಿಗೆ ಮುತ್ಯಾಲಮ್ಮನ ತೊಡೆಸಂದಿನಲ್ಲಿ ಗಡ್ಡೆ ಎದ್ದಿತ್ತು.

ಅಕ್ಕಪಕ್ಕದ ಗುಡಿಸಲುಗಳು ಖಾಲಿಯಾದವು. ಉಳಿದವಳು ಅತ್ತೆ ಚಿಕ್ಕಮುನಿಯಮ್ಮ ಒಬ್ಬಳೇ.

"ನಂಗೂ ಅತ್ತೆಗೂ ಅಷ್ಟಕ್ಕಷ್ಟೇ ಸ್ವಾಮಿ. ದಿನಾ ಬೆಳಗಾದ್ರೆ ಬೈಗುಳ. ಅಂಥೋಳು ಮಗ ಹೋದ ಮಾರ್ನೆ ದಿನ ನನ್ನ ಗಡ್ಡೆ ತೊಳೆಯೋಕ್ ಕೂತಳು. ಅಳ್ತಾ ಅಳ್ತಾನೇ ತೊಳೀತಿದ್ಲು. ಗಡ್ಡೆ ಒಡೀತು. ನಾತಕ್ಕೆ ನಾನೇ ಮುಖ ತಿರುವ್ಕೊಂಡೆ. ಅವಳು ತಿರುವ್ಕೊಳ್ಲಿಲ್ಲ. ಯಾಕತ್ತೆ, ನೀನೂ ಹೋಗ್ಬಿಡು ಅಂದೆ. 'ಬಿಸಿ ಜಾಸ್ತಿ ಆಯ್ತಾ, ಹೇಳು' ಅಂದ್ಲು. ಅಷ್ಟೇ ಅಂದಿದ್ದು."

ಮುತ್ಯಾಲಮ್ಮ ಬದುಕಿಕೊಂಡಳು. ಅತ್ತೆಗೆ ಏನೂ ಆಗಲಿಲ್ಲ. ಆಮೇಲೆ ಅತ್ತೆ ಸೊಸೆ ಒಂದೇ ಸೂರಿನಡಿ ಬಹಳ ವರ್ಷ ಬಾಳಿದರು. ಬೈಗುಳ ನಿಂತಿತೇ ಎಂದು ಕೇಳಿದರೆ ಮುತ್ಯಾಲಮ್ಮ ಗಟ್ಟಿಯಾಗಿ ನಗುತ್ತಾಳೆ. "ಎಲ್ಲಿ ನಿಲ್ತದೆ! ಆದ್ರೆ ನಂಗೆ ಕೋಪ ಬರೋದು ನಿಂತೋಯ್ತು."

ಈ ಮಂಡಿಯಲ್ಲಿ ಎಲ್ಲರೂ ಹೇಳುವ ಒಂದು ಸಂಗತಿಯಿದೆ. ಅದು ನಡೆದದ್ದು ಹತ್ತು ಹನ್ನೆರಡು ವರ್ಷದ ಹಿಂದೆ, ಪ್ಲೇಗು ಮತ್ತೊಮ್ಮೆ ತಲೆಯೆತ್ತಿದ ಒಂದು ಚಳಿಗಾಲದಲ್ಲಿ. ಪಕ್ಕದ ಅಂಗಡಿಯಲ್ಲಿ ಇಲಿಗಳು ಸತ್ತು ಬಿದ್ದವು. ಅದಾದ ಸ್ವಲ್ಪ ದಿನಕ್ಕೆ ಮಂಡಿಯ ಬೂದಿ ಎಂಬ ಹೆಣ್ಣುಬೆಕ್ಕಿನ ಗಂಟಲ ಕೆಳಗೆ ಗಡ್ಡೆ ಕಾಣಿಸಿತು. ಮೈ ಕೆಂಡದಂತೆ ಸುಡುತ್ತಿತ್ತು. ಮಂಡಿಯವರೆಲ್ಲ ಬೀದಿಗೆ ಬಂದು ನಿಂತರು. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಸುಟ್ಟುಬಿಡುವಂತೆ ವೃಷಭೇಂದ್ರಪ್ಪನವರು ಹೇಳಿದರು. ಹಮಾಲಿ ಮಾಯಣ್ಣ ದೊಣ್ಣೆ, ಗೋಣಿ ಹಿಡಿದು ಒಳಗೆ ಬಂದ.

ಆ ದಿನವನ್ನು ಮಾಯಣ್ಣನೇ ನನಗೆ ಹೇಳಿದ. ಈಗಲೂ ಇಲ್ಲೇ ಮೂಟೆ ಹೊರುತ್ತಾನೆ.

"ನಾನ್ ಹೋಗೋ ಹೊತ್ಗೆ ಮುತ್ಯಾಲಕ್ಕ ಆ ಕೊತ್ತೀನ ಸೆರಗಿನಾಗೆ ಸುತ್ಕೊಂಡು ಕುಂತಿದ್ಲು. 'ಅಕ್ಕೋ, ಬಿಟ್ಬಿಡು, ಸಾಯ್ತೀಯ' ಅಂದೆ. 'ದೂರ ನಿಂತ್ಕೋ ಮಾಯಣ್ಣ, ನಿಂಗೆ ಹೆಂಡ್ತಿ ಮಕ್ಳವ್ರೆ' ಅಂದ್ಲು. ನಾನು ಕೊಲ್ಲೋಕ್ ಹೋದೋನು. ನನ್ನ ಕಾಯೋ ಮಾತಾಡ್ತಾವ್ಳೆ! ದೊಣ್ಣೆ ಕೆಳಗ್ ಹಾಕ್ಬಿಟ್ಟೆ."

ಆಕೆ ಬೆಕ್ಕನ್ನು ಹೊತ್ತು ಜನರಿಂದ ಮಾರು ದೂರ ಉಳಿದು ನಡೆದಳು. ಬೀದಿ ಬಿರಿದು ದಾರಿ ಬಿಟ್ಟಿತು. ಹೋದದ್ದು ಅದೇ ಕೆಂಪಾಂಬುಧಿಯ ತೋಟಕ್ಕೆ. ಆಗ ತೋಟ ನೋಡಿಕೊಳ್ಳುತ್ತಿದ್ದವನು ಮೈದುನ ಮುನಿಗಂಗಪ್ಪ.

"ಅತ್ತಿಗೆ, ಒಳಕ್ ಬರ್ಬೇಡಿ. ಮನೇಲಿ ಕೂಸುಗಳವೆ" ಎಂದು ಅವನು ಬದುವಿನ ಮೇಲಿಂದಲೇ ಕೂಗಿದ.

"ಬರಲ್ಲ ಕಣಪ್ಪ. ಬಾವಿ ಆಚೆ ಗುಡಿಸ್ಲು ಸಾಕು. ಮುದ್ದೆ ಬದಿನ ಮೇಲೆ ಇಟ್ಟು ಹೋಗ್ತಿರು."

ಗಡ್ಡೆ ಒಡೆಯಿತು. ಮುತ್ಯಾಲಮ್ಮ ತೊಳೆದಳು. ಬೂದಿಗೆ ನೀರು ನೆಕ್ಕುವ ಶಕ್ತಿಯೂ ಇರಲಿಲ್ಲ. ಬೆರಳಿನಿಂದ ತುಟಿಗೆ ಗಂಜಿ ಸವರಿದಳು. ರಾತ್ರಿ ಬೆಕ್ಕು ನಡುಗಿದರೆ ತನ್ನ ಹೊಟ್ಟೆಗೆ ಒತ್ತಿಕೊಂಡು ಮಲಗಿದಳು. ಅದು ನಿಜಕ್ಕೂ ಪ್ಲೇಗಿನ ಗಡ್ಡೆಯೋ, ಇಲಿ ಕಚ್ಚಿದ ಬರೀ ಕುರುವೋ ಯಾರಿಗೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ. ಆಕೆಗೂ ಗೊತ್ತಿರಲಿಲ್ಲ ಎನ್ನುವುದೇ ನನ್ನನ್ನು ದಂಗುಬಡಿಸುವ ವಿಷಯ.

"ಹೆದ್ರಿಕೆ ಆಗ್ಲಿಲ್ವಾ?" ಎಂದು ಆಕೆಯನ್ನು ಕೇಳಿದೆ.

"ಅಯ್ಯೋ, ಆಗ್ದೇ ಇರ್ತದಾ? ಹೊತ್ತಾರೆ ಎದ್ದೇಟ್ಗೆ ಮೊದ್ಲು ಕಂಕುಳು ಮುಟ್ಟಿ ನೋಡ್ಕೊಂತಿದ್ದೆ. ಆಮೇಲೆ ತೊಡೆಸಂದಿ. ಏನೂ ಇಲ್ಲ ಅಂತಾದ್ಮೇಲೆ ಒಲೆ ಹಚ್ಚೋದು, ನೀರಿಡೋದು."

"ಒಂದು ಬೆಕ್ಕಿಗೋಸ್ಕರ?"

ಈ ಪ್ರಶ್ನೆ ಆಕೆಗೆ ಅರ್ಥವಾದಂತೆ ಕಾಣಲಿಲ್ಲ. ನನ್ನ ಮುಖವನ್ನೇ ನೋಡಿದಳು. "ಅದರ ಕಣ್ಣು ತೆರ್ದೇ ಇತ್ತು ಸ್ವಾಮಿ. ನೋಡ್ತಾನೇ ಇತ್ತು ನನ್ನ. ಎದ್ದು ಹೆಂಗೆ ಹೋಗ್ಲಿ?"

ಒಂದು ದಿನ ಬೆಕ್ಕು ತಾನಾಗಿಯೇ ಎದ್ದು, ತೂರಾಡುತ್ತ ಬಾಗಿಲವರೆಗೆ ಹೋಗಿ ಬಿಸಿಲಿನಲ್ಲಿ ಕುಳಿತು ಮುಂಗಾಲು ನೆಕ್ಕಿಕೊಂಡಿತಂತೆ. ಅದನ್ನು ಹೇಳುವಾಗ ಮುತ್ಯಾಲಮ್ಮನ ದನಿ ತಗ್ಗುತ್ತದೆ. "ಅವತ್ತೇ ನಾನು ಅತ್ತಿದ್ದು."

ಊರಿನಲ್ಲಿ ಕಾಯಿಲೆ ತಣ್ಣಗಾಗಿ ಮಂಡಿ ತೆರೆದ ಮೇಲೆ ಆಕೆ ಬೂದಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ವಾಪಸು ಬಂದಳು. ಗದ್ದಿಗೆಯ ಮೇಲೆ ಕುಳಿತಿದ್ದ ವೃಷಭೇಂದ್ರಪ್ಪನವರು ಎದ್ದು ನಿಂತರಂತೆ. ಮಾರನೆಯ ದಿನ ಹಿತ್ತಲ ಜಗಲಿಗೆ ಸೂರು ಹಾಕಿಸಿ, ಒಲೆ ಕಟ್ಟಿಸಿಕೊಟ್ಟರು. ಬೂದಿ ಆಮೇಲೆ ಹಲವು ಸೂಲು ಮರಿ ಹಾಕಿ, ವಯಸ್ಸಾಗಿ ಸತ್ತಿತು. ಇವತ್ತು ಮೂಟೆಗಳ ಮೇಲೆ ಓಡಾಡುವ ಬೆಕ್ಕುಗಳೆಲ್ಲ ಅದರ ಸಂತಾನವೇ.

ವೃಷಭೇಂದ್ರಪ್ಪನವರು ಈಗ ವಯೋವೃದ್ಧರು. ವಿಭೂತಿ ಹಚ್ಚಿದ ಹಣೆಯನ್ನು ಕೈಯಿಂದ ಉಜ್ಜಿಕೊಳ್ಳುತ್ತ ನಿಧಾನವಾಗಿ ಮಾತಾಡುತ್ತಾರೆ. "ನಾನು ಹೆದರಿದ್ದೆ ಸ್ವಾಮಿ. ಮನೆ ಮಂದಿಯನ್ನ ಕಳ್ಕೊಂಡೋನು, ಹೆದ್ರದೆ ಏನ್ ಮಾಡ್ಲಿ. ಆಯಮ್ಮನೂ ಕಳ್ಕೊಂಡಿದ್ಲು, ಆಯಮ್ಮನೂ ಹೆದರಿದ್ಲು. ಹೆದ್ರಿಕೊಂಡೇ ಎತ್ಕೊಂಡ್ಲಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನನ್ನ ಮೈ ಜುಂ ಅಂತದೆ."

ಹಿತ್ತಲಿನಲ್ಲಿ ಜಮೇದಾರನಿಗೆ ಅನ್ನ ಹಾಲು ಕಲಸಿ ಇಟ್ಟಾಗಿದೆ. ಅವನು ಮೂಸಿಯೂ ನೋಡುವುದಿಲ್ಲ. ಬಾವು ಎದ್ದಾಗಿನಿಂದ ಹೊಟ್ಟೆಗೆ ಏನೂ ಇಲ್ಲ, ಪಕ್ಕೆಲುಬು ಕಾಣುತ್ತಿದೆ. ಮುತ್ಯಾಲಮ್ಮನ ಮುಖದಲ್ಲಿ ಮೊದಲ ಸಲ ಚಿಂತೆ ಕಾಣುತ್ತದೆ. "ಕುರು ಸಾಯ್ಸಲ್ಲ ಸ್ವಾಮಿ, ಉಪಾಸ ಸಾಯ್ಸೋದು" ಎನ್ನುತ್ತ ಗೋಡೆಯ ಆಚೆಗೆ ಹೋಗುತ್ತಾಳೆ. ಲಿಂಗಾಯತರ ಮಂಡಿಯೊಳಗೆ ಮೀನು ಬೇಯಿಸುವಂತಿಲ್ಲ. ಗೋಡೆಯಾಚೆ ಮೂರು ಕಲ್ಲು ಹೂಡಿ ಒಣಮೀನು ಬೇಯಿಸುತ್ತಾಳೆ. ಅವತ್ತೆಲ್ಲ ಯಜಮಾನರು ತಮಗೆ ಶೀತವಾಗಿದೆ, ಮೂಗು ಕಟ್ಟಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರಂತೆ.

ಬೆಚ್ಚಗಿನ ಮೀನಿನ ನೀರನ್ನು ತಂದು ಬೆಕ್ಕಿನ ಮುಂಗಾಲಿಗೆ ಸವರುತ್ತಾಳೆ. ಬಾಯಿಗಲ್ಲ, ಕಾಲಿಗೆ. ಕಾಲು ಕೊಳೆಯಾದದ್ದನ್ನು ಜಮೇದಾರ ಸಹಿಸುವುದಿಲ್ಲ. ನೆಕ್ಕುತ್ತಾನೆ. ನಿಲ್ಲಿಸುತ್ತಾನೆ. ಮತ್ತೆ ನೆಕ್ಕುತ್ತಾನೆ. ಆಮೇಲೆ ಕತ್ತು ಚಾಚಿ ತಟ್ಟೆಗೇ ಬಾಯಿ ಹಾಕುತ್ತಾನೆ. ಹರಿದ ದವಡೆಯನ್ನು ಓರೆ ಮಾಡಿಕೊಂಡು ಅವನು ತಿನ್ನುವುದನ್ನು ಮಾಯಣ್ಣ, ನಾನು, ಬಾಗಿಲಲ್ಲಿ ಬಂದು ನಿಂತ ಯಜಮಾನರು ನೋಡುತ್ತ ನಿಲ್ಲುತ್ತೇವೆ. ಮುತ್ಯಾಲಮ್ಮ ಮಾತ್ರ ತಟ್ಟೆ ಜಾರದಂತೆ ಹಿಡಿದುಕೊಂಡಿದ್ದಾಳೆ.

ಮಂಡಿಯ ಮುಂಭಾಗವನ್ನು ಕೆಡವಿ ಹೊಸದಾಗಿ ಕಟ್ಟಲಿದ್ದಾರೆ. ಗಾರೆ ಮೇಸ್ತ್ರಿ ಮುರುಗೇಶ ಗೂಟ ಹೊಡೆದು ದಾರ ಎಳೆಯುತ್ತಿದ್ದಾನೆ. ಮರದ ಹಳೆಯ ಬಾಗಿಲು ಹೋಗಿ ಕಬ್ಬಿಣದ್ದು ಬರಲಿದೆ. ನಿನಗೇನಾದರೂ ಆಸೆಯಿದೆಯೇ ಎಂದು ನಾನು ಮುತ್ಯಾಲಮ್ಮನನ್ನು ಕೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋಗಿ ಮೇಸ್ತ್ರಿಯ ಎದುರು ನಿಂತಳು.

"ಕೆಳಗೆ ಕೊತ್ತಿ ಬರೋಕೆ ಒಂದು ಕಂಡಿ ಬಿಡಪ್ಪ."

"ಬಿಡ್ತೀನಮ್ಮ, ಯಜಮಾನ್ರೂ ಹೇಳವ್ರೆ. ಇಷ್ಟು ಸಾಕಲ್ವಾ?" ಮುರುಗೇಶ ಎರಡು ಕೈ ಸೇರಿಸಿ ಅಳತೆ ತೋರಿಸಿದ.

ಮುತ್ಯಾಲಮ್ಮ ಅವನ ಕೈಗಳನ್ನು ಹಿಡಿದು ಇನ್ನೊಂದಿಷ್ಟು ಅಗಲಿಸಿದಳು.

"ಇಷ್ಟಿರ್ಲಿ. ಕತ್ತು ಊದ್ಕೊಂಡಿರೋದೂ ಒಳಗೆ ಬರ್ಬೇಕು."