ಉಪವಾಸಕ್ಕೆ ಕೂತ ಕೋಶಗಳು

ಕೊಲ್ಹಾಪುರದ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜು ಅವಳದು. ನಾಂದಣಿಯ ಜೈನರ ಹುಡುಗಿ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ಮುನ್ನ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಳ್ಳುತ್ತಿದ್ದಳು. ಅದು ಕಿರೀಟದಂತೆ ಕಂಡು ನನಗೆ ಮೈ ಉರಿಯುತ್ತಿತ್ತು.

ಇಬ್ಬರೂ ಬೆಳೆಸುತ್ತಿದ್ದುದು ಇಲಿಯ ಸ್ನಾಯುಕೋಶಗಳನ್ನೇ. ಅವಕ್ಕೆ ಆಹಾರವಾಗಿ ಹಾಕುವ ಸೀರಮ್ಮಿನಲ್ಲಿ ‘ಬೆಳೆ, ಇಬ್ಭಾಗವಾಗು’ ಎನ್ನುವ ಸಂಕೇತದ ಅಣುಗಳಿರುತ್ತವೆ. ಅದನ್ನು ಕಡಿಮೆ ಮಾಡಿದರೆ ಕೋಶಗಳು ಹೆಚ್ಚುವುದನ್ನು ಬಿಟ್ಟು, ಒಂದಕ್ಕೊಂದು ಬೆಸೆದು ಸ್ನಾಯುವಿನ ಎಳೆಗಳಾಗುತ್ತವೆ; ನಮಗೆ ಬೇಕಿದ್ದುದು ಆ ಎಳೆಗಳೇ. ಕೋಶ ಬೆಳೆಸುವ ಗಾಜಿನ ತಟ್ಟೆ ತುಂಬುತ್ತಲೇ ಅವಳು ಹೇಳುತ್ತಿದ್ದಳು: “ಸಾಕ್ರಿ. ಇನ್ನ ಇವಕ್ಕ ಉಪವಾಸ.” ದಶಲಕ್ಷಣ ಪರ್ವದಲ್ಲಿ ತಾನೂ ಉಪವಾಸವಿದ್ದು ಬಂದು, ಅದೇ ತಣ್ಣಗಿನ ದನಿಯಲ್ಲಿ ಹೇಳುತ್ತಿದ್ದಳು.

ನಮ್ಮದು ಪೈಲ್ವಾನರ ಮನೆ. ತಾಲೀಮಿನಲ್ಲಿ ಬೆವರಿ ಬಂದವನಿಗೆ ಮೊದಲು ಹಾಲಿನ ಚೊಂಬು, ಆಮೇಲೆ ಮಾತು. ಕೋಶಗಳನ್ನು ಹಸಿವಿನಲ್ಲಿಡಲು ನನಗೆ ಮನಸ್ಸು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ತಟ್ಟೆ ಅವಳದಕ್ಕಿಂತ ತುಂಬಿರಬೇಕಿತ್ತು. ಸೀರಮ್ ಸುರಿಯುತ್ತಲೇ ಹೋದೆ.

ಒಂದು ಬೆಳಗ್ಗೆ ಅವಳ ತಟ್ಟೆಯ ಎಳೆಗಳು ತಾವಾಗಿ ಮಿಡಿಯತೊಡಗಿದವು. ನಮ್ಮ ಗೈಡ್ ಓಡಿ ಬಂದು, “ಲಯ್ ಭಾರಿ!” ಎಂದು ಮರಾಠಿಯಲ್ಲಿ ಮೆಚ್ಚಿ ಕೂಗಿದರು. ನನ್ನ ಮೇಜಿನತ್ತ ಅವರು ಎಂದೂ ಓಡಿದ್ದಿಲ್ಲ.

ನನ್ನ ತಟ್ಟೆಯಲ್ಲಿ ಕೋಶಗಳು ಗಡಹಿಂಗ್ಲಜ ಬಸ್ಸಿನ ಜನರಂತೆ ಕಿಕ್ಕಿರಿದಿದ್ದವು; ಒಂದೂ ಎಳೆಯಾಗಿರಲಿಲ್ಲ. ಅವಳು ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

“ನಿಮ್ಮವು ಭಾಳ ಛಂದ ಬೆಳದಾವ್ರಿ,” ಎಂದಳು.

ಆ ಮಾತಿನಲ್ಲಿ ಚೂರೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಂದೋ ಮರೆತುಬಿಡುತ್ತಿದ್ದೆ.